ನಾಲ್ಕು ನಾಯಿಗಳ ಬಸ್ಸು

ನಮ್ಮ ಕಟ್ಟಡದ ನೆಲಮಹಡಿಯಲ್ಲಿರುವ ನಿವೃತ್ತ ಬಸ್ ಕಂಡಕ್ಟರಿಗೆ ಸೀಟಿ ಊದದೆ ಬೆಳಗಾಗುವುದಿಲ್ಲ. ಮೂವತ್ತೊಂದು ವರ್ಷ ಊದಿದ ಬಾಯಿ. ಕೆಲಸ ಮುಗಿದ ಮೇಲೆ ಪ್ರಯಾಣಿಕರಿಲ್ಲದೆ ಒಂದು ತಿಂಗಳು ಸಪ್ಪಗಿದ್ದರು. ಆಮೇಲೆ ನಾಯಿಗಳು ಸಿಕ್ಕವು.

ಒಟ್ಟು ನಾಲ್ಕು. ಅವರದೇ ಹದಿಮೂರು ವರ್ಷದ ಮುದಿನಾಯಿ ಅಜ್ಜ. ಮೇಲಿನ ಮನೆಯ ದರ್ಜಿ ಸಾಕಿದವು ಎರಡು: ದಪ್ಪನೆಯ ಲಗೇಜು, ನಾಲ್ಕು ತಿಂಗಳ ಮರಿ ಚಿಲ್ಲರೆ. ಕೊನೆಯದು ಮೂರನೆಯ ಮಹಡಿಯ ಹಲ್ಲಿನ ಡಾಕ್ಟರಮ್ಮನ ಎರಡು ವರ್ಷದ ಎಕ್ಸ್‌ಪ್ರೆಸ್. ಹೆಸರುಗಳೆಲ್ಲ ಕಂಡಕ್ಟರ್ ಇಟ್ಟವು. ಮಾಲೀಕರು ಇಟ್ಟ ಹೆಸರು ಹಿಡಿದು ಕರೆದರೆ ನಾಯಿಗಳು ಈಗ ತಿರುಗಿಯೂ ನೋಡುವುದಿಲ್ಲ.

ಬೆಳಿಗ್ಗೆ ಆರಕ್ಕೆ ಗೇಟಿನಿಂದ ಹೊರಟರೆ ಅಂಚೆಡಬ್ಬಿ, ಔಷಧಿ ಅಂಗಡಿ, ಮೈದಾನ. ಎರಡು ಸೀಟಿಗೆ ಹೊರಡಬೇಕು, ಒಂದಕ್ಕೆ ನಿಲ್ಲಬೇಕು. ಎಲ್ಲರೂ ಒಟ್ಟಿಗೆ ಹೋಗಿ ಒಟ್ಟಿಗೆ ಬರಬೇಕು, ವೇಗ ಅಜ್ಜನದು. ಅಜ್ಜ ಪ್ರತಿ ಕಂಬವನ್ನೂ ಪತ್ರಿಕೆಯಂತೆ ಓದಿ ಮುಗಿಸುವಷ್ಟರಲ್ಲಿ ಎಕ್ಸ್‌ಪ್ರೆಸ್ ತನ್ನ ಹಗ್ಗವನ್ನು ಕಂಡಕ್ಟರ ಕಾಲಿಗೆ ಮೂರು ಸುತ್ತು ಸುತ್ತಿರುತ್ತಿತ್ತು. ಮರಿ ಸುಸ್ತಾದರೆ ಹಳೆಯ ಚರ್ಮದ ಚೀಲದೊಳಗೆ ಸೇರುತ್ತಿತ್ತು. ಚಿಲ್ಲರೆ ಇರಬೇಕಾದ ಜಾಗವೇ ಅದು.

ಒಂದು ದಿನ ಡಾಕ್ಟರಮ್ಮ ಎಕ್ಸ್‌ಪ್ರೆಸ್ಸನ್ನು ಎಳೆದುಕೊಂಡು ಕೆಳಗಿಳಿದರು.

"ಕಂಡಕ್ಟ್ರೇ, ನಿಮ್ಮ ಬಸ್ಸು ಸಾಕು. ಇದು ನಿನ್ನೆ ಮೂರು ಜನರ ಹಲ್ಲಿನ ಅಚ್ಚು ಅಗಿದು ಪುಡಿ ಮಾಡಿದೆ. ನಿಮ್ಮ ಜೊತೆ ಬಂದ್ರೆ ಇದಕ್ಕೆ ಸುಸ್ತೇ ಆಗಲ್ಲ."

"ಅಚ್ಚು ಗಟ್ಟಿ ಇದೆಯಾ ಅಂತ ಪರೀಕ್ಷೆ ಮಾಡಿರ್ಬೇಕು ಬಿಡಿ, ಡಾಕ್ಟ್ರೇ."

"ಹಾಗಂತ ಆ ಮೂವರಿಗೂ ನೀವೇ ಬಂದು ಹೇಳಿ. ನಾಳೆಯಿಂದ ಇದನ್ನ ನಾನೇ ಓಡಿಸ್ತೀನಿ."

ಮರುದಿನ ಎರಡು ಸೀಟಿ ಕೇಳಿ ಲಗೇಜು ಎದ್ದಿತು, ಚಿಲ್ಲರೆ ಕುಣಿಯಿತು. ಅಜ್ಜ ಗೇಟಿನವರೆಗೆ ಬಂದು, ಮೆಟ್ಟಿಲ ಕಡೆ ನೋಡಿ, ಎಕ್ಸ್‌ಪ್ರೆಸ್ ಇಲ್ಲವೆಂದು ಖಚಿತವಾದ ಮೇಲೆ ಕುಳಿತುಬಿಟ್ಟಿತು. ಬಿಸ್ಕತ್ತಿಗೂ ಏಳಲಿಲ್ಲ. ಮೂರು ದಿನ ಇದೇ ಕಥೆ. ಅದರ ಹಿಂಗಾಲುಗಳು ಬಿಗಿಯುತ್ತಿವೆ, ದಿನವೂ ನಡೆಸದಿದ್ದರೆ ಮುಂದೆ ಏಳುವುದೇ ಇಲ್ಲ ಎಂದು ಪಶುವೈದ್ಯರು ಹಿಂದಿನ ತಿಂಗಳಷ್ಟೇ ಎಚ್ಚರಿಸಿದ್ದರು. ನಾಲ್ಕನೆಯ ದಿನ ನೀರಿನ ಬಟ್ಟಲಿಗೆ ಹೋಗಲು ಅಜ್ಜ ಮೂರು ಸಲ ಏಳಲು ನೋಡಬೇಕಾಯಿತು. ಕಂಡಕ್ಟರ್ ಸೀಟಿಯನ್ನು ಬೀರುವಿನ ಮೇಲಿಟ್ಟರು.

ಹೆಂಡತಿ ಬೀನ್ಸ್ ಹೆಚ್ಚುತ್ತಿದ್ದವರು ತಲೆ ಎತ್ತಿದರು.

"ಏನ್ರೀ, ಮುಷ್ಕರಾನಾ?"

"ಅಜ್ಜನ ಜೊತೆ ನಡೆದ್ರೆ ಎಕ್ಸ್‌ಪ್ರೆಸ್‌ಗೆ ಸಾಲಲ್ಲ. ಎಕ್ಸ್‌ಪ್ರೆಸ್ ಜೊತೆ ಓಡಿದ್ರೆ ಅಜ್ಜ ಉಳಿಯಲ್ಲ. ಎರಡನ್ನೂ ಒಂದೇ ಬಸ್ಸಲ್ಲಿ ಹೇಗೇ ಕರ್ಕೊಂಡು ಹೋಗ್ಲಿ?"

"ಮೂವತ್ತೊಂದು ವರ್ಷ ಕಣ್ಮುಚ್ಕೊಂಡು ಟಿಕೆಟ್ ಹರಿದ್ರಾ? ನಿಮ್ಮ ಬಸ್ಸಲ್ಲಿ ಎಲ್ಲರೂ ಮೊದಲ ಸ್ಟಾಪಲ್ಲೇ ಹತ್ತಿ ಕೊನೇ ಸ್ಟಾಪಲ್ಲೇ ಇಳೀತಿದ್ರಾ?"

ಕಂಡಕ್ಟರ್ ಎದ್ದರು. ಸ್ಟೂಲು ಹತ್ತಿ ಸೀಟಿಯನ್ನು ಕೆಳಗಿಳಿಸಿಕೊಂಡರು.

ಡಾಕ್ಟರಮ್ಮ ಬಾಗಿಲು ತೆರೆದಾಗ ಮಂಡಿಗೆ ಪಟ್ಟಿ ಸುತ್ತಿಕೊಂಡಿದ್ದರು. ಮೂರು ದಿನದ ಓಟದ ಫಲ. ಹೊಸ ವೇಳಾಪಟ್ಟಿಯನ್ನು ಪೂರ್ತಿ ಕೇಳಿಸಿಕೊಂಡು ಹೇಳಿದರು:

"ಒಂದು ವಾರ ನೋಡ್ತೀನಿ. ಇನ್ನೊಂದು ಅಚ್ಚು ಪುಡಿಯಾಗಲಿ, ಆಮೇಲೆ ನಿಮಗಿದೆ."

ಮರುದಿನ ಐದೂವರೆಗೆ ಕಂಡಕ್ಟರ್ ಎಕ್ಸ್‌ಪ್ರೆಸ್ ಒಂದನ್ನೇ ಮೈದಾನಕ್ಕೆ ಕರೆದೊಯ್ದು, ನಲವತ್ತು ಸಲ ಚೆಂಡು ಎಸೆದು ತರಿಸಿದರು. ಆರು ಗಂಟೆಗೆ ಗೇಟಿಗೆ ಮರಳಿದಾಗ ಲಗೇಜು ಹತ್ತಿತು. ಮೂವರೂ ಬಿರುಸಾಗಿ ಬೀದಿಗೆ ಎರಡು ಸುತ್ತು ಹಾಕಿದರು. ಆರೂ ಇಪ್ಪತ್ತಕ್ಕೆ ಲಗೇಜನ್ನು ಮನೆಯಲ್ಲಿಳಿಸಿ, ಚಿಲ್ಲರೆಯನ್ನು ಹತ್ತಿಸಿಕೊಂಡು, ಕಂಡಕ್ಟರ್ ಗೇಟಿನಲ್ಲಿ ಎರಡು ಸೀಟಿ ಊದಿದರು.

ಗೇಟಿನ ಪಕ್ಕ ಮಲಗಿದ್ದ ಅಜ್ಜ ಮೂಗೆತ್ತಿತು. ಒಂದು ಸಲ ಎದ್ದು ಕುಸಿಯಿತು. ಕಂಡಕ್ಟರ್ ಮುಂದೆ ಬಾಗಿದರು, ಆದರೆ ಮುಟ್ಟಲಿಲ್ಲ. ಎರಡನೆಯ ಸಲ ಎದ್ದು ನಿಂತಿತು. ನಾಲಗೆ ಇಳಿಬಿಟ್ಟು ಏದುಸಿರು ಬಿಡುತ್ತಿದ್ದ ಎಕ್ಸ್‌ಪ್ರೆಸ್ ಜನ್ಮದಲ್ಲಿ ಮೊದಲ ಸಲ ಅಜ್ಜನ ಪಕ್ಕದಲ್ಲಿ ಅಜ್ಜನಂತೆಯೇ ನಡೆಯಿತು. ಬುದ್ಧಿ ಬಂದು ಅಲ್ಲ, ಕಾಲಲ್ಲಿ ಶಕ್ತಿ ಇಲ್ಲದೆ.

ಅಂಚೆಡಬ್ಬಿಯವರೆಗೆ ಹೋಗಿ ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಚಿಲ್ಲರೆ ಚೀಲದಲ್ಲಿ ನಿದ್ದೆ ಹೋಗಿತ್ತು.

ಹೆಂಡತಿ ಕಿಟಕಿಯಿಂದ ಕೂಗಿದರು: "ಬಸ್ಸು ಲೇಟು!"

"ದಾರಿಯಲ್ಲಿ ಹಿರಿಯ ನಾಗರಿಕರಿದ್ರು ಕಣೇ," ಎಂದು ಕಂಡಕ್ಟರ್ ಒಂದು ಸೀಟಿ ಊದಿದರು. ಅಜ್ಜ ಅಷ್ಟರಲ್ಲಾಗಲೇ ನಿಂತು, ಗೇಟಿನ ಕಂಬ ಓದುತ್ತಿತ್ತು.