ಮಾವನ ಕಣಕಾಲು

ಮೊನ್ನೆ ಮೊಮ್ಮಗ ಹೊಸ ಚರ್ಮದ ಚಪ್ಪಲಿಯನ್ನು ಕಾಲುವೆಯಲ್ಲಿ ನೆನೆಸಿಕೊಂಡು ಬಂದ. ಒಲೆಯ ಪಕ್ಕ ಒಣಗಲು ಇಟ್ಟಾಗ ಹಸಿ ಚರ್ಮದ ನಾತ ಮನೆ ತುಂಬಿತು. ಸೊಸೆ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಅದರ ಮುಂದೆಯೇ ಕುಳಿತೆ. ಮಾವನ ಹರಿಗೋಲು ಹೀಗೆಯೇ ನಾರುತ್ತಿತ್ತು...

ಮಾವನೆಂದರೆ ರಕ್ತಸಂಬಂಧಿಯಲ್ಲ. ನಮ್ಮ ಮನೆ ಕಂಪ್ಲಿಯಲ್ಲಿ. ಅವ್ವನ ತವರು ಹೊಳೆಯಾಚೆ, ನಿಜಾಮನ ಸೀಮೆಯಲ್ಲಿ. ತವರೂರಿನ ಗಂಡಸರೆಲ್ಲ ನನಗೆ ಮಾವಂದಿರೇ. ಈತ ಅಲ್ಲಿಯ ಅಂಬಿಗ. ಚರ್ಮ ಹೊದಿಸಿದ ಹರಿಗೋಲಿನಲ್ಲಿ ಕಾಲೂರಿ ನಿಂತು ಹುಟ್ಟು ಹಾಕುತ್ತ, ಹಬ್ಬಹಬ್ಬಕ್ಕೂ ನಮ್ಮನ್ನು ದಾಟಿಸುತ್ತಿದ್ದ. ನನಗೆ ಈಜು ಕಲಿಸಿದವನೂ ಅವನೇ. ನೀರಿಗೆ ಎಸೆದು ಮೇಲೆ ನಿಂತು ನಗುತ್ತಿದ್ದ.

ಬೇಸಿಗೆಯಲ್ಲಿ ಹೊಳೆ ಇಳಿದು ಮರಳು ತೆರೆದುಕೊಂಡರೆ ಎರಡು ದಂಡೆಗಳ ನಡುವೆ ಹುತುತು, ಅಂದರೆ ಕಬಡ್ಡಿ ಪಂದ್ಯ. ಆಟವೆಂಬುದು ಹೆಸರಿಗೆ ಮಾತ್ರ. ಎರಡೂ ಕಡೆಯ ಗೌಡರು ಆಟಗಾರರನ್ನು ಟಗರು ಸಾಕಿದಂತೆ ಸಾಕುತ್ತಿದ್ದರು. ನಾನೂ ವರ್ಷವಿಡೀ ಗೌಡರ ಮನೆಯ ಹಾಲು, ಕೋಳಿ ಉಂಡು ಕೊಬ್ಬಿದವನೇ. ಸೋತರೆ ಮಾರನೆಯ ದಿನದಿಂದ ಕಬ್ಬು ಕಡಿಯಲು ಹೋಗಬೇಕಿತ್ತು.

ನನಗೆ ಇಪ್ಪತ್ತು ತುಂಬಿದ ವರ್ಷ ಮಾವ ಎದುರು ತಂಡದಲ್ಲಿದ್ದ. ಆಟಕ್ಕೆ ಮುಂಚೆ ನನ್ನ ಕತ್ತಿಗೆ ಕೈ ಹಾಕಿ ಎಳೆದುಕೊಂಡ.

"ಅಳಿಯಾ, ಇವತ್ತ ಮಾವ ಅನಬ್ಯಾಡ. ಹಿಡದಿ ಅಂದ್ರ ಬಿಡಬ್ಯಾಡ."

ಎರಡು ತಾಸು ಕಾದಾಡಿದರೂ ಎರಡೂ ತಂಡಕ್ಕೆ ಒಂದೊಂದೇ ಅಂಕ. ಅಷ್ಟರಲ್ಲಿ ನಮ್ಮವನೊಬ್ಬನ ಹೆಗಲು ಕಳಚಿತ್ತು. ಅವರವನೊಬ್ಬ ಎರಡು ಹಲ್ಲು ಉಗುಳಿ, ಬಾಯಿ ಮುಕ್ಕಳಿಸಿ, ಮತ್ತೆ ಬಂದು ನಿಂತಿದ್ದ. ನನ್ನ ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯುತ್ತಿತ್ತು. ದಂಡೆಯ ಮೇಲಿನ ಜನ "ಮುರೀರಿ, ಮುರೀರಿ" ಎಂದು ಕೂಗುತ್ತಿದ್ದರು. ಸುಳ್ಳೇಕೆ ಹೇಳಲಿ, ನನಗೂ ಮುರಿಯಬೇಕೆನಿಸಿತ್ತು.

ಕೊನೆಯ ಸರದಿಗೆ ಮಾವ ಬಂದ. ಒಂದೇ ಉಸಿರಿನಲ್ಲಿ "ಹುತುತು" ಎನ್ನುತ್ತ ನಮ್ಮಲ್ಲೊಬ್ಬನನ್ನು ಮುಟ್ಟಿ, ಗೆರೆ ತಲುಪಿದರೆ ಅವರು ಗೆದ್ದಂತೆ. ನಾವು ಹಿಡಿದಾಗ ಉಸಿರು ಕಡಿದರೆ, ಬೇರೆ ಒಂದು ಮಾತಾಡಿದರೂ ಸರಿ, ಅವನು ಸತ್ತಂತೆ. ಉಸಿರಿರುವ ತನಕ ಹಿಡಿದವರು ಬಿಡುವಂತಿಲ್ಲ.

ನನ್ನನ್ನೇ ಮುಟ್ಟಿದ. ತಿರುಗುವಷ್ಟರಲ್ಲಿ ನಾನು ಕಣಕಾಲು ಹಿಡಿದು ಕೆಡವಿದೆ. ನಾಲ್ವರು ಮೇಲೆ ಬಿದ್ದರು. ಗೆರೆ ಅವನ ಬೆರಳಿಗೆ ಒಂದು ಗೇಣು ದೂರವಿತ್ತು. ಅಂಬಿಗನ ಎದೆ, ಉಸಿರು ಮುಗಿಯುತ್ತಲೇ ಇರಲಿಲ್ಲ. ನಾನು ಕಾಲು ತಿರುಚಿದೆ. ಎಲುಬು ಹಸಿ ಕಬ್ಬಿನಂತೆ ಲಟಕ್ಕೆಂದಿತು. ಮೇಲಿದ್ದವರಿಗೆ ಗೊತ್ತಾಗಲಿಲ್ಲ, ಗೊತ್ತಾದದ್ದು ನನ್ನ ಅಂಗೈಗೆ, ಮತ್ತು ಅವನಿಗೆ.

ಕತ್ತು ಹೊರಳಿಸಿ ನನ್ನನ್ನು ನೋಡಿದ. "ಬಿಡು" ಎಂದರೆ ಸೋಲು. ಅದಕ್ಕೇ "ಹುತುತು, ಹುತುತು" ಎನ್ನುತ್ತಲೇ ನೋಡಿದ. ನಾನು ಬಿಡಬಹುದಿತ್ತು... ಬಿಡಲಿಲ್ಲ. ಇನ್ನೊಂದು ಸುತ್ತು ತಿರುಚಿದೆ. ಆಗ ಉಸಿರು ಕಡಿಯಿತು.

ಒಂದು ಅಂಕದಿಂದ ಗೆದ್ದೆವು. ಗೌಡರು ಕಳಿಸಿದ ಕೋಳಿಸಾರನ್ನು ಅವ್ವ ಗಡಿಗೆಸಮೇತ ಹೊಳೆಗೆ ಚೆಲ್ಲಿ ಬಂದಳು. ಮುಂದೆಂದೂ ನನ್ನನ್ನು ತವರಿಗೆ ಕರೆದೊಯ್ಯಲಿಲ್ಲ.

ಕಾಲು ಸೊಟ್ಟ ಕೂಡಿತು. ಹರಿಗೋಲಿನಲ್ಲಿ ನಿಲ್ಲಲಾಗದವನು ಅಂಬಿಗನಾದಾನೆ? ದಡದಲ್ಲಿ ಕುಳಿತು ಬೇರೆಯವರ ಹರಿಗೋಲಿಗೆ ಚರ್ಮ ಹೊಲಿಯುತ್ತಿದ್ದ. ವರ್ಷದ ಮೇಲೆ ಧೈರ್ಯ ಮಾಡಿ ಹೋಗಿ ಕಾಲಿಗೆ ಬಿದ್ದೆ. ದಬ್ಬಳ ನಿಲ್ಲಿಸದೆ ಹೇಳಿದ:

"ನಾನಽ ಹೇಳಿದ್ದೆ, ಬಿಡಬ್ಯಾಡ ಅಂತ. ನೀ ಕೇಳಿದಿ. ಏಳು."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವನು ತೀರಿಕೊಂಡಾಗ ಹೆಗಲು ಕೊಡಲು ಹೋದೆ. ಚಿಕ್ಕಂದಿನಿಂದ ನನ್ನನ್ನು ಲೇ ಎಂದೇ ಕರೆಯುತ್ತಿದ್ದ ಅವನ ಮಗ "ನೀವು ಬ್ಯಾಡ್ರಿ" ಎಂದ.

ಈಗ ಚಪ್ಪಲಿ ಒಣಗಿದೆ, ನಾತ ಹೋಗಿದೆ. ನನ್ನ ಬಲಗೈ ನಡುಗುತ್ತದೆ, ಲೋಟ ಹಿಡಿದರೂ ನಿಲ್ಲುವುದಿಲ್ಲ. ವಯಸ್ಸಾಯಿತು ಎನ್ನುತ್ತಾಳೆ ಸೊಸೆ. ಅಂದು ಆ ಕಾಲನ್ನು ಮಾತ್ರ ಎಷ್ಟು ಗಟ್ಟಿಯಾಗಿ ಹಿಡಿದಿತ್ತು ಈ ಕೈ.