ಸಯನ್ ಲ್ಯಾಬಿನ ಮಾವಶಿ

ಹಸಿರು ಗಾಜಿನ ಬಳೆಗಳನ್ನು ಮಾವಶಿ ಮೊಣಕೈವರೆಗೆ ಸರಿಸಿ, ಜಾರದಂತೆ ರಬ್ಬರ್ ಬ್ಯಾಂಡು ಹಾಕಿ, ಮೇಲೆ ಬಿಳಿ ಕೋಟಿನ ತೋಳನ್ನು ಎಳೆದುಕೊಳ್ಳುತ್ತಿದ್ದರು. ಕೈಗವಸು ಆಮೇಲೆ. ಅದಾದ ಮೇಲೆ ರಕ್ತದ ಟ್ಯೂಬೊಂದನ್ನು ಎರಡು ಬೆರಳಲ್ಲಿ ಹಿಡಿದು, ಎಡಗಣ್ಣು ಮುಚ್ಚಿ, ಕಿಟಕಿಯ ಬೆಳಕಿಗೆ ಓರೆ ಮಾಡಿ ನೋಡುವರು. ಮುಂಬೈಯ ಸಯನ್ ಸ್ಟೇಷನ್ನಿನ ಹತ್ತಿರ ಹಳೆಯ ಬಿಲ್ಡಿಂಗೊಂದರ ಮೊದಲ ಮಹಡಿಯಲ್ಲಿ ನಮ್ಮ ಲ್ಯಾಬು. ಲೋಕಲ್ ರೈಲು ಹಾದುಹೋದಾಗಲೆಲ್ಲ ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು, ಟ್ಯೂಬಿನೊಳಗೆ ಬೆಳಕು ತೇಲುತ್ತಿತ್ತು. ಈಗಲೂ ಕಣ್ಣು ಅರೆಮುಚ್ಚಿದರೆ ಅವರು ನನಗೆ ಹಾಗೆಯೇ ಕಾಣುತ್ತಾರೆ, ಬೆಳಕಿನ ಕಡೆ ಮುಖ ಮಾಡಿಕೊಂಡು, ನನಗೆ ಬೆನ್ನು ಕೊಟ್ಟು.

ಅವರು ಆ ಲ್ಯಾಬಿನ ಹಿರಿಯ ಟೆಕ್ನಿಷಿಯನ್. ನಾನು ಮುಂಬೈಯದೇ ಭಾಂಡುಪ್‌ನಲ್ಲಿ ಹುಟ್ಟಿ ಬೆಳೆದವಳು, ಪರೀಕ್ಷೆ ಪಾಸಾಗಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಕನ್ನಡ ಮನೆಮಾತಾದರೂ ನಾಲ್ಕು ಮಾತಿಗೊಮ್ಮೆ ಹಿಂದಿಗೆ ಜಾರುತ್ತಿದ್ದೆ. ಮೊದಲ ದಿನ ಮೇಡಂ ಎಂದು ಕರೆದಾಗ ಅವರು ತಲೆ ಅಲ್ಲಾಡಿಸಿದರು.

"ಮಾವಶಿ ಅನ್ನು. ಕನ್ನಡದಾಗ ಮಾತಾಡಾಕ ಇಲ್ಲಿ ನನಗೂ ಒಬ್ಬಾಕಿ ಬೇಕಾಗ್ಯಾಳ."

ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಅವರು ವಿಜಯಪುರದ ಕಡೆಯವರು. ಅವರ ತಂದೆಗೆ ಎಣ್ಣೆಯ ಗಾಣವಿತ್ತಂತೆ. ಗಾಣದಿಂದ ಇಳಿದ ಕುಸುಬಿ ಎಣ್ಣೆ ಮಬ್ಬಾಗಿರುತ್ತದೆ. ಒಂದೆಡೆ ಸುಮ್ಮನೆ ಇಟ್ಟರೆ ಗಸಿಯೆಲ್ಲ ತಳಕ್ಕೆ ಹೋಗಿ ಮೇಲೆ ತಿಳಿಯಾದ ಹೊಂಬಣ್ಣ ನಿಲ್ಲುತ್ತದೆ. ಮಗುವಾಗಿದ್ದಾಗ ಅದನ್ನೇ ನೋಡುತ್ತ ಕೂತಿರುತ್ತಿದ್ದೆ ಎಂದು ಹೇಳುತ್ತಿದ್ದರು. ರಕ್ತ ಹೆಪ್ಪುಗಟ್ಟಿದ ಮೇಲೆ ಟ್ಯೂಬನ್ನು ಯಂತ್ರದಲ್ಲಿಟ್ಟು ತಿರುಗಿಸಿದರೆ ಮೇಲೆ ನಿಲ್ಲುವ ಸೀರಮ್ ಕೂಡ ಹಾಗೆಯೇ. ಕುಸುಬಿ ಎಣ್ಣೆಯ ಬಣ್ಣ ಬಂದರೆ ಚಲೋ ಎನ್ನುವರು. ಗುಲಾಬಿ ಬಣ್ಣ ಬಂದರೆ ಸೂಜಿ ಚುಚ್ಚುವಾಗ ರಕ್ತಕಣ ಒಡೆದಿವೆ, ಆ ಟ್ಯೂಬಿನ ಉತ್ತರ ನಂಬಬಾರದು. ಹಾಲಿನಂತೆ ಬೆಳ್ಳಗಾದರೆ ಬಹುಶಃ ಉಪವಾಸ ಬರಬೇಕಾದವರು ದಾರಿಯಲ್ಲಿ ವಡಾಪಾವ್ ತಿಂದಿದ್ದಾರೆ. ನಗುನಗುತ್ತಲೇ ಕೇಳಿ ರೋಗಿಯೇ ಅದನ್ನು ಒಪ್ಪಿಕೊಳ್ಳುವಂತೆ ಮಾಡುತ್ತಿದ್ದರು.

ನನಗೆ ಆಗ ಎಲ್ಲದಕ್ಕೂ ಅವಸರ. ರಕ್ತ ತೆಗೆದ ಹತ್ತು ನಿಮಿಷಕ್ಕೇ ಟ್ಯೂಬನ್ನು ತಿರುಗಿಸಲು ಹೊರಡುತ್ತಿದ್ದೆ.

"ಹಾಲಿಗೆ ಹೆಪ್ಪ ಹಾಕಿ ಗಡಗಿ ಅಲ್ಲಾಡಸ್ತೀಯೇನವಾ?" ಎಂದು ಮಾವಶಿ ನನ್ನ ಕೈಯಿಂದ ಅದನ್ನು ತೆಗೆದು ಸ್ಟ್ಯಾಂಡಿಗೆ ಸಿಕ್ಕಿಸುವರು. ಅರ್ಧ ಗಂಟೆ ಕಾಯಬೇಕು. ಆ ಅರ್ಧ ಗಂಟೆಯಲ್ಲಿ ಲ್ಯಾಬು ಬೇರೆಯೇ ಲೋಕವಾಗುತ್ತಿತ್ತು. ಯಂತ್ರಗಳು ಗುನುಗುತ್ತಿದ್ದವು, ಬಿಸಿಲು ಮೇಜಿನ ಮೇಲೆ ನಿಧಾನವಾಗಿ ಸರಿಯುತ್ತಿತ್ತು, ಸಾಲಾಗಿ ನಿಂತ ಕೆಂಪು ಟ್ಯೂಬುಗಳು ನಮ್ಮ ಜೊತೆ ತೂಕಡಿಸುವಂತೆ ಕಾಣುತ್ತಿದ್ದವು. ಮಾವಶಿ ದನಿ ತಗ್ಗಿಸಿ ತಮ್ಮ ಊರಿನ ಮಾತು ಹೇಳುವರು. ಅರ್ಥವಾಗದ ಪದವನ್ನು ನಾನು ಕೇಳಿದರೆ ಬೇರೆ ಪದ ಕೊಡದೆ ಅದನ್ನೇ ಇನ್ನೊಮ್ಮೆ, ನಿಧಾನವಾಗಿ ಹೇಳುವರು.

ಒಂದು ಬೆಳಿಗ್ಗೆ ಕಟ್ಟಡದ ಕೆಲಸಕ್ಕೆ ಹೋಗುವ ಹೆಂಗಸೊಬ್ಬರು ಬಂದರು. ಕಲಬುರ್ಗಿ ಕಡೆಯವರು. ಕೈಕಾಲಲ್ಲಿ ಶಕ್ತಿಯಿಲ್ಲವೆಂದು ಡಾಕ್ಟರು ಪರೀಕ್ಷೆಗಳನ್ನು ಬರೆದಿದ್ದರು. ನರ ಸರಿಯಾಗಿ ಸಿಗಲಿಲ್ಲ. ನೇರಳೆ ಮುಚ್ಚಳದ ಟ್ಯೂಬು ತುಂಬಿತು, ಕೆಂಪು ಮುಚ್ಚಳದ್ದು ಅರ್ಧಕ್ಕೇ ನಿಂತಿತು. ಎರಡೂ ಒಬ್ಬರದೇ ರಕ್ತವಲ್ಲವೇ ಎಂದುಕೊಂಡು ನೇರಳೆಯಿಂದ ಕೆಂಪಿಗೆ ಒಂದಷ್ಟು ಸುರಿದೆ.

ಯಂತ್ರ ಉತ್ತರ ಕೊಟ್ಟಾಗ ಪರದೆ ಕೆಂಪಾಯಿತು. ಹೃದಯ ನಿಂತುಹೋಗುವಷ್ಟು ಪೊಟ್ಯಾಸಿಯಂ. ಡಾಕ್ಟರಿಗೆ ತುರ್ತಾಗಿ ತಿಳಿಸಬೇಕು ಎಂದು ಫೋನ್ ಎತ್ತಿದೆ. ದೊಡ್ಡ ಕೆಲಸ ಮಾಡುತ್ತಿದ್ದೇನೆಂಬ ಹೆಮ್ಮೆಯೂ ಇತ್ತು. ಮಾವಶಿ ಫೋನಿನ ಮೇಲೆ ಕೈಯಿಟ್ಟು ಪರದೆಯ ಕೆಳಗಿನ ಸಾಲು ನೋಡಿದರು. ಕ್ಯಾಲ್ಸಿಯಂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹೊರಗೆ ಹೋದರು, ನಾನೂ ಹಿಂದೆಯೇ ಹೋದೆ. ಊಟದ ನಂತರದ ಸಕ್ಕರೆ ಪರೀಕ್ಷೆಗೆ ಕಾಯುತ್ತಿದ್ದ ಆ ಹೆಂಗಸು ಬೆಂಚಿನ ಮೇಲೆ ಕೂತು ಪಕ್ಕದವರ ಮಗುವನ್ನು ಆಡಿಸುತ್ತಿದ್ದರು.

"ಈ ಅಂಕಿ ಖರೇ ಇದ್ದರ ಆಕಿ ಹಿಂಗ ಕುಂದರತಿದ್ದಿಲ್ಲ," ಎಂದರು ಮಾವಶಿ, ಒಳಗೆ ಬಂದು. "ನೇರಳಿ ಟ್ಯೂಬಿನ ರಕ್ತ ಇದರಾಗ ಸುರುವಿಯೇನು?"

ಇಲ್ಲ ಎಂದೆ.

ಅವರು ಮತ್ತೆ ಕೇಳಲಿಲ್ಲ. ಸ್ಟೂಲಿನ ಮೇಲೆ ಕೂತು, ಸಿಟ್ಟಿಲ್ಲದೆ, ವಿಷಯ ಬಿಡಿಸಿ ಹೇಳಿದರು. ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಒಂದು ಉಪ್ಪು ಹಾಕಿರುತ್ತಾರೆ. ಆ ಉಪ್ಪಿನಲ್ಲೇ ಪೊಟ್ಯಾಸಿಯಂ ಇದೆ, ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಒಂದು ಏರಿ ಇನ್ನೊಂದು ಹೀಗೆ ಇಳಿದಿದ್ದರೆ ಮೊದಲು ಸಂಶಯಪಡಬೇಕಾದ್ದು ರೋಗಿಯನ್ನಲ್ಲ, ಟ್ಯೂಬನ್ನು. ಕೇಳುತ್ತ ಕೇಳುತ್ತ ನನ್ನ ಕಿವಿ ಬಿಸಿಯಾಯಿತು. ಸುರಿದೆ ಎಂದು ಒಪ್ಪಿಕೊಂಡೆ.

"ನನ್ನ ಮುಂದ ಹೇಳಿದಿ, ಆತು. ಈಗ ಆಕಿ ಮುಂದ ಹೇಳು."

ಬೆಂಚಿನ ಎದುರು ನಿಂತು, ತಪ್ಪು ನನ್ನದು, ಮತ್ತೊಮ್ಮೆ ರಕ್ತ ಕೊಡಬೇಕು ಎಂದು ತೊದಲು ಕನ್ನಡದಲ್ಲಿ ಹೇಳಿದೆ. ಆ ಹೆಂಗಸು ನನ್ನ ಮುಖ ನೋಡಿ ಇನ್ನೊಂದು ತೋಳು ಚಾಚಿದರು. ಈ ಸಲ ಬಂದ ಉತ್ತರದಲ್ಲಿ ಪೊಟ್ಯಾಸಿಯಂ ಇರಬೇಕಾದದ್ದಕ್ಕಿಂತ ಕಡಿಮೆಯಿತ್ತು. ಶಕ್ತಿ ಕುಂದಲು ಅದೇ ಕಾರಣವಿರಬಹುದು ಎಂದರು ಮಾವಶಿ. ಮೊದಲಿನ ಅಂಕಿ ನಂಬಿ ಪೊಟ್ಯಾಸಿಯಂ ಇನ್ನೂ ಇಳಿಸುವ ಔಷಧಿ ಕೊಟ್ಟಿದ್ದರೆ? ಆ ದಿನ ನನಗೆ ಊಟ ಸೇರಲಿಲ್ಲ. ಮಾವಶಿ ತಮ್ಮ ಡಬ್ಬಿಯ ಜೋಳದ ರೊಟ್ಟಿಯನ್ನು ಮುರಿದು ನನ್ನ ಕೈಯಲ್ಲಿಟ್ಟು, ತಿನ್ನುವವರೆಗೂ ಪಕ್ಕದಲ್ಲಿ ಕೂತಿದ್ದರು.

ಅವರು ನಿವೃತ್ತರಾದ ಮೇಲೆ ಅವರ ಕುರ್ಚಿ ನನ್ನದಾಯಿತು. ಮುಂದೆ ಎರಡು ಮಳೆಗಾಲ ಕಳೆದಿರಬೇಕು. ಒಂದು ಮುಂಜಾನೆ ಮಾವಶಿ ರೋಗಿಗಳ ಸಾಲಿನಲ್ಲಿ ಕೂತಿದ್ದರು. ಕಾಲು ಬಾತಿದ್ದವು, ಮುಖ ಸೊರಗಿತ್ತು. ಬಳೆ ಸರಿಸಿ ತಾವೇ ತೋಳು ಕೊಟ್ಟರು. ರಕ್ತ ತೆಗೆದೆ, ಅರ್ಧ ಗಂಟೆ ಕಾದೆ, ಯಂತ್ರಕ್ಕೆ ಕೊಟ್ಟೆ. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಇರಬೇಕಾದದ್ದಕ್ಕಿಂತ ಹಲವು ಪಟ್ಟು ಏರಿತ್ತು. ಮತ್ತೆ ಕೊಟ್ಟೆ. ಅದೇ. ಮೂರನೆಯ ಸಲ ಕೊಡುವಾಗ ಅವರು ಬಾಗಿಲಲ್ಲಿ ನಿಂತಿದ್ದರು. ಯಂತ್ರ ಕೆಟ್ಟಿದೆ, ನಾಳೆ ಬನ್ನಿ ಎನ್ನುವ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು.

ಉತ್ತರ ಮೊದಲೇ ಗೊತ್ತಿರುವ ದ್ರವವೊಂದನ್ನು ಬೆಳಿಗ್ಗೆ ಯಂತ್ರಕ್ಕೆ ಕೊಟ್ಟು, ಅದು ನಿಜ ಹೇಳುತ್ತಿದೆಯೇ ಎಂದು ನೋಡುತ್ತೇವೆ. ಅದಕ್ಕೆ ಕಂಟ್ರೋಲ್ ಎನ್ನುತ್ತೇವೆ.

"ಮುಂಜಾನೆ ಕಂಟ್ರೋಲ್ ಬರೋಬರಿ ಬಂದಿತ್ತಿಲ್ಲೋ?" ಎಂದರು ಮಾವಶಿ.

"ಬಂದಿತ್ತು, ಮಾವಶಿ."

"ಹಂಗಾದ್ರ ಮತ್ತ್ಯಾಕ ಮಷೀನ ಓಡಸ್ತಿ? ಎಷ್ಟ ಬಂದೈತಿ ಹೇಳು."

ಹೇಳಿದೆ. ಅವರು ಸರಿ ಎಂಬಂತೆ ತಲೆಯಾಡಿಸಿ, ನನ್ನ ಕೆನ್ನೆ ತಟ್ಟಿ ಹೊರಟುಹೋದರು.

ವರ್ಷದ ಮೇಲೆ ಕೆಲವು ತಿಂಗಳು ಬದುಕಿದರು. ಸುದ್ದಿ ತಿಳಿದ ದಿನ ಅವರ ಮನೆಗೆ ಹೋದೆ. ಬಂದವರು ಹೋಗಿ ಮನೆ ಖಾಲಿಯಾದ ಮೇಲೆ ಅವರ ಮಗಳು ಬಳಿ ಬಂದಳು. ಮುಂಬೈಯಲ್ಲೇ ಬೆಳೆದ ಅವಳ ಕನ್ನಡ ಒಂದು ಕಾಲಕ್ಕೆ ನನ್ನದಿದ್ದಂತೆಯೇ ಇತ್ತು.

"ಆ ರಿಪೋರ್ಟ್ ಬಂದ ದಿವಸ ಅಮ್ಮಾ ಅಳಲಿಲ್ಲ, ದೀದಿ. ಹೇಳಿದ್ಳು, ನನ್ನ ಕೈಯಾಗ ಕಲ್ತಾಕಿ ನನಗೂ ಝೂಟ್, ಸುಳ್ಳು ಹೇಳಲಿಲ್ಲ ಅಂತ. ಆಮೇಲೆ ಆರಾಮ್ ಸೇ ಊಟ ಮಾಡಿದ್ಳು."

ಲ್ಯಾಬಿನಲ್ಲಿ ಅಮ್ಮ ಹೇಗಿರುತ್ತಿದ್ದಳು ಎಂದು ಅವಳು ಕೇಳಿದಳು. ನೆಲದ ಮೇಲೆ ಅವಳ ಪಕ್ಕ ಕೂತು, ಹೊತ್ತು ಇಳಿಯುವವರೆಗೆ ಮಾವಶಿಯ ಮಾತುಗಳನ್ನು ನೆನಪಾದಂತೆಲ್ಲ ಹೇಳುತ್ತ ಹೋದೆ. ಅವಳಿಗೆ ತಿಳಿಯದ ಪದ ಬಂದಾಗ ಅದನ್ನೇ ಇನ್ನೊಮ್ಮೆ, ನಿಧಾನವಾಗಿ ಹೇಳಿದೆ.