ನೇರಳೆ ನಿಲ್ಲದ ಫ್ಲಾಸ್ಕು

ಯಲಬುರ್ಗಾ ಕಡೆಯ ಒಂದು ಡಿಗ್ರಿ ಕಾಲೇಜು, ಹೆಸರು ಬೇಡ. ಅಲ್ಲಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವುದು ಪಕ್ಕೀರವ್ವನ ಕೆಲಸ. ಹದಿನೇಳು ವರ್ಷವಾಯಿತು, ಇನ್ನೂ ದಿನಗೂಲಿ. ನಮ್ಮ ಬೋರಿನ ಸವಳು ನೀರಿಗೆ ಗಾಜಿನ ಮೇಲೆ ಬಿಳಿ ಕಲೆ ಕೂಡುತ್ತದೆ. ಆಕೆ ತಾಮ್ರದ ಕೊಡ ತಿಕ್ಕಿದ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾಳೆ. ನಲ್ಲಿಯಲ್ಲಿ ನೀರು ಅಷ್ಟಕ್ಕಷ್ಟೇ, ಹಾಗಾಗಿ ಒಂದೇ ಸಲ ಜಾಲಾಡಿಸಿ ಬಟ್ಟೆಯಲ್ಲಿ ಒರೆಸಿಡುತ್ತಾಳೆ. ಫಳಫಳ ಹೊಳೆಯುವ ಆ ಫ್ಲಾಸ್ಕುಗಳನ್ನು ಬಂದವರಿಗೆಲ್ಲ ತೋರಿಸಿ ಶಭಾಷ್ ಅನ್ನಿಸಿಕೊಂಡವರು ಮಾತ್ರ ಲೆಕ್ಚರರ್ ಗೋವಿಂದರಾಜ. ನಾನು ಪಕ್ಕದ ಕೋಣೆಯಲ್ಲಿ ಕನ್ನಡ ಪಾಠ ಮಾಡುವವನು, ಎಲ್ಲ ಕಣ್ಣಾರೆ ಕಂಡಿದ್ದೇನೆ.

ಈ ಸಲ ಕೊನೆಯ ವರ್ಷದ ಅಮೃತಾ ಪ್ರಾಜೆಕ್ಟಿಗೆ ಫೆರೇಟ್ ತೆಗೆದುಕೊಂಡಳು. ಬಟ್ಟೆ ಬಿಳುಪು ಮಾಡುವ ದ್ರಾವಣಕ್ಕೆ ಕಾಸ್ಟಿಕ್ ಸೋಡಾ ಬೆರೆಸಿ, ಫೆರಿಕ್ ಕ್ಲೋರೈಡ್ ಹನಿಸಿ ಕಾಯಿಸಿದರೆ ಕಬ್ಬಿಣ ಗಾಢ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದೇ ಫೆರೇಟ್. ಹೊಸ ಬೀಕರಿನಲ್ಲಿ ಬಣ್ಣ ಬಂತು. ಫ್ಲಾಸ್ಕಿಗೆ ಸುರಿದ ಹದಿನೈದು ನಿಮಿಷಕ್ಕೆ ತುಕ್ಕಿನ ಬಣ್ಣವಾಯಿತು. ಮೂರು ಸಲವೂ ಅದೇ ಕಥೆ.

“ಫ್ಲಾಸ್ಕಿನ್ಯಾಗ ಏನೋ ಐತ್ರಿ ಸರ್,” ಅಂದಳು ಅಮೃತಾ.

“ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತ. ಸೋಮವಾರನೂ ಬಣ್ಣ ನಿಲ್ಲಲಿಲ್ಲಂದ್ರ ಪ್ರಾಜೆಕ್ಟಿಗೆ ಸೊನ್ನಿ ಹಾಕ್ತೀನಿ,” ಅಂದರು ಗೋವಿಂದರಾಜ.

ಅವರು ಹೋದ ಮೇಲೆ ಪಕ್ಕೀರವ್ವ ಕೇಳಿದಳು, “ಅದ್ಯಾಕ ಕೆಡ್ತೈತಿ ತಂಗಿ?”

“ಅದರಾಗಿನ ಕಬ್ಬಿಣ ಭಾಳ ಹಸದಿರತೈತ್ರಿ ಅಕ್ಕಾರ. ತನ್ನ ಎಲೆಕ್ಟ್ರಾನ್ ಕಳ್ಕೊಂಡಿರತೈತಿ. ಹುಳಿ, ಸಕ್ಕರಿ, ಕಾಗದಾ, ಏನು ಸಿಕ್ಕರೂ ಅದರಿಂದ ಕಿತ್ಕೊಂತೈತಿ. ಹೊಟ್ಟಿ ತುಂಬಿತಂದ್ರ ತುಕ್ಕಾಗಿ ಕುಂದರ್ತೈತಿ.”

ಹುಳಿ ಎಂಬ ಮಾತಿಗೆ ಪಕ್ಕೀರವ್ವ ತನ್ನ ಹುಣಸೆಹಣ್ಣಿನ ಬಟ್ಟಲಿನ ಕಡೆ ನೋಡಿದಳು. ಮರುದಿನ ಎರಡು ಟೆಸ್ಟ್‌ಟ್ಯೂಬ್ ತಂದಳು. ಒಂದು ಬರೀ ನೀರಲ್ಲಿ ತೊಳೆದದ್ದು, ಬಿಳಿ ಕಲೆ ಹಾಗೇ ಇತ್ತು. ಇನ್ನೊಂದು ತನ್ನ ಕೈಚಳಕದ್ದು. ಅಮೃತಾ ಹೊಸ ಬೀಕರಿನಲ್ಲಿ ಮಾಡಿಟ್ಟಿದ್ದ ನೇರಳೆಯನ್ನು ಎರಡಕ್ಕೂ ಸುರಿದಳು. ಕಲೆಯಿದ್ದದ್ದರಲ್ಲಿ ಬಣ್ಣ ನಿಂತಿತು. ಹೊಳೆಯುವುದರಲ್ಲಿ ಕೆಟ್ಟಿತು.

ಬಾಯಿ ಮುಚ್ಚಿಕೊಂಡು ಸರಿಯಾಗಿ ತೊಳೆದಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮೂರು ಸಲ ಕೆಟ್ಟದ್ದು ಹುಡುಗಿಯ ತಲೆಗೇ ಉಳಿಯುತ್ತಿತ್ತು. ಹೇಳಿದರೆ ಲ್ಯಾಬಿನ ಕೆಲಸ ಕೈತಪ್ಪುತ್ತದೆ ಎಂಬುದು ಪಕ್ಕೀರವ್ವನಿಗೆ ಗೊತ್ತಿತ್ತು. ದಿನಗೂಲಿಯವರಿಗೆ ಎರಡನೇ ತಪ್ಪು ಎಂಬುದಿರುವುದಿಲ್ಲ.

ಸೋಮವಾರ ಬೆಳಿಗ್ಗೆ ಎಲ್ಲರ ಮುಂದೆ ಹೇಳಿದಳು, “ಹುಡುಗಿದು ತಪ್ಪಿಲ್ರಿ ಸರ್. ನಾ ಹುಣಸಿಹಣ್ಣು ಹಚ್ಚಿ ತಿಕ್ಕಿದ್ದರ ಹುಳಿ ಗಾಜಿನ್ಯಾಗ ಉಳದು ಬಣ್ಣ ಕೆಟ್ಟೈತಿ.”

ಗೋವಿಂದರಾಜ ಆಗಿಂದಾಗಲೇ ಲ್ಯಾಬಿನ ಕೀಲಿ ಇಸಿದುಕೊಂಡು ಆಕೆಯನ್ನು ಅಂಗಳ ಗುಡಿಸಲು ಹಾಕಿದರು. ಹೊಳಪಿನ ಶಭಾಷ್‌ಗಿರಿ ತಮಗೆ, ತಪ್ಪು ಆಕೆಗೆ. ನನಗೆ ಆ ಸಿಟ್ಟು ಇನ್ನೂ ಇದೆ. ಆವತ್ತು ನಾನೂ ಬಾಯಿ ಬಿಡಲಿಲ್ಲ ಎಂಬುದೂ ಅದರಲ್ಲಿ ಸೇರಿದೆ.

ಅಮೃತಾ ಫ್ಲಾಸ್ಕನ್ನು ತಾನೇ ನಾಲ್ಕು ಸಲ ಬರೀ ನೀರಲ್ಲಿ ತೊಳೆದು ಮತ್ತೆ ಮಾಡಿದಳು. ಮಧ್ಯಾಹ್ನ ಅವಳ ಜೊತೆ ನಾನೂ ಅಂಗಳಕ್ಕೆ ಹೋದಾಗ ಪಕ್ಕೀರವ್ವ ಬೇವಿನ ಎಲೆ ಗುಡಿಸುತ್ತಿದ್ದಳು. ಕೈ ನಿಲ್ಲಿಸಿ ಕೇಳಿದಳು, “ಎಷ್ಟೊತ್ತು ನಿಂತಿತು?”

“ಎರಡು ತಾಸಾತ್ರಿ ಅಕ್ಕಾರ. ಇನ್ನೂ ನೇರಳೇನ ಐತಿ.”

“ಹಂಗಾರ ನಾ ಹೇಳಿದ್ದು ಖರೆ,” ಅಂದಳು ಪಕ್ಕೀರವ್ವ. ಹದಿನೇಳು ವರ್ಷದಲ್ಲಿ ಆಕೆ ಅಷ್ಟು ಹಿಗ್ಗಿದ್ದನ್ನು ನಾನು ಕಂಡಿರಲಿಲ್ಲ.